ನಡೀತೈತಿ ಖರೆ, ನಿಂದರೂದಿಲ್ಲ!

ಮೊನ್ನೆ ತಾಂಬಾಕ್ಕೆ ಹೋಗಿದ್ದೆ. ಮಾವನ ಹಳೇ ಜೀಪು ಹತ್ತಿ ಬ್ರೇಕ್ ಒತ್ತಿದೆ. ಪೆಡಲ್ ಮೊದಲು ಗಟ್ಟಿಯಾಗಿ ನಿಂತಿತು, ಕಾಲು ಹಾಗೇ ಇಟ್ಟರೆ ಮೆಲ್ಲಗೆ ತಳ ಸೇರಿತು! ಇಳಿದು ನೋಡಿದೆ. ನಾಲ್ಕೂ ಚಕ್ರ ಒಣ. ಮಾಸ್ಟರ್ ಸಿಲಿಂಡರಿನ ಹಿಂದೆ, ಪೆಡಲಿನ ರಾಡ್ ಒಳಹೋಗುವ ಕಡೆಯ ರಬ್ಬರ್ ಬೂಟ್ ಮಾತ್ರ ಒದ್ದೆ, ಕೆಳಗಿನ ಬಣ್ಣ ಎದ್ದು ಹೋಗಿತ್ತು.

"ಮಾವಾ, ಇದು ಸೋರಾಕತ್ತೈತಲ್ಲ?"

"ಮಿಸ್ತ್ರಿ ನೋಡ್ಯಾನ ತಗೋ. ಎಂಟ್ ದಿನಕ್ಕೊಮ್ಮಿ ಆಯಿಲ್ ಹಾಕ್ಕೋರಿ, ನಡೀತೈತಿ ಅಂದಾನ."

ನಡೀತೈತಿ ಖರೆ. ನಿಲ್ಲಬೇಕಲ್ಲ? ಇದೇ ಜೀಪಿನಲ್ಲಿ ಇಂಡಿಗೆ ನಿಂಬೆಹಣ್ಣಿನ ಚೀಲ ಹೋಗುತ್ತವೆ, ಚೀಲದ ಮೇಲೆ ಆಳುಗಳು, ಸಂದಿಯಲ್ಲಿ ಮಕ್ಕಳು.

ಹಳ್ಳಿ ಮಿಸ್ತ್ರಿಗಳ ಜುಗಾಡ್ ಬಗ್ಗೆ ನಾವೆಲ್ಲ ಬ್ಲಾಗಿನಲ್ಲಿ ಉಬ್ಬಿ ಉಬ್ಬಿ ಬರೆದವರೇ. ನಾನೂ ಬರೆದಿದ್ದೇನೆ. ಪಂಪಿಗೆ ಹಳೇ ಟ್ಯೂಬಿನ ವಾಷರ್ ಹಾಕಲಿ, ಸಂತೋಷ. ಅದು ಕೈಕೊಟ್ಟರೆ ನೀರು ನಿಲ್ಲುತ್ತದೆ, ಅಷ್ಟೇ. ಬ್ರೇಕ್ ಕೈಕೊಟ್ಟರೆ ಏನೂ ನಿಲ್ಲುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು 'ಜಾಣ್ಮೆ' ಅಂತ ಹೊಗಳಿದ್ದು ನಮ್ಮದೇ ತಪ್ಪು.

ಸ್ವಲ್ಪ ಯೋಚಿಸಿ. ಸಿಲಿಂಡರಿನೊಳಗಿನ ರಬ್ಬರ್ ಕಪ್ಪುಗಳು ಫ್ಲೂಯಿಡ್ ಅನ್ನು ತಡೆದು ಹಿಡಿದರೆ ಮಾತ್ರ ನಿಮ್ಮ ಕಾಲಿನ ಒತ್ತಡ ಚಕ್ರ ಮುಟ್ಟುತ್ತದೆ. ಹಿಂದಿನ ಕಪ್ ಸವೆದರೆ ಹೊರಗೆ ಸೋರುತ್ತದೆ. ಮುಂದಿನದು ಸವೆದರೆ ಒಳಗೊಳಗೇ ಹಿಂದೆ ಜಾರುತ್ತದೆ. ಆಗ ಡಬ್ಬಿ ತುಂಬಿದ್ದರೂ ಪೆಡಲ್ ಇಳಿಯುತ್ತದೆ! ಸುರಿದ ಆಯಿಲ್ ಸವೆದ ರಬ್ಬರನ್ನು ಹೇಗೆ ರಿಪೇರಿ ಮಾಡೀತು? ಈಗಿನ ಕಾರುಗಳಿಗೆ ಎರಡು ಸರ್ಕ್ಯೂಟ್ ಇರುತ್ತದೆ, ಒಂದು ಹೋದರೆ ಇನ್ನೊಂದು ಇದೆ. ಹಳೇ ಜೀಪುಗಳಲ್ಲಿ ಬಹಳಷ್ಟಕ್ಕೆ ಇರುವುದೇ ಒಂದು.

ಇನ್ನು ಆ 'ಆಯಿಲ್' ಅನ್ನೋ ಮಾತು. ಬ್ರೇಕ್ ಫ್ಲೂಯಿಡ್ ಎಣ್ಣೆಯಲ್ಲ ಸ್ವಾಮಿ! ಅದರ ಬದಲು ಎಂಜಿನ್ ಆಯಿಲ್ ಬಿದ್ದರೆ ರಬ್ಬರ್ ಕಪ್ಪುಗಳೆಲ್ಲ ಊದಿ ಮೆತ್ತಗಾಗುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದರೂ ಅದೇ ಗತಿ. ತಿಂಗಳುಗಟ್ಟಲೆ ಮುಚ್ಚಳ ಸಡಿಲವಿಟ್ಟ ಡಬ್ಬಿಯದೂ ಬೇಡ, ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಫ್ಲೂಯಿಡ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಸೇರಿದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಆವಿ, ಆವಿಯಾದರೆ ಪೆಡಲ್ ಸ್ಪಂಜು.

"ಖರ್ಚು ಯಾರು ಮಾಡ್ತಾರ?" ಅಂದ ಮಾವ. ಹೊಸ ಸಿಲಿಂಡರಿಗೆ ಸಾಮಾನ್ಯವಾಗಿ ಒಂದು ಹೊಸ ಟೈರಿನಷ್ಟೂ ಆಗುವುದಿಲ್ಲ. ಬಿಚ್ಚಿ ನೋಡಿ, ಒಳಗೋಡೆ ನುಣುಪಾಗಿದ್ದರೆ ಕಿಟ್ ಸಾಕು. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಸ್ಯಾಂಡ್‌ಪೇಪರ್ ಉಜ್ಜಿ ಹೊಸ ಕಪ್ ಹಾಕುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ, ಆ ಗುಳಿ ಹೊಸ ಕಪ್ಪನ್ನೂ ತಿನ್ನುತ್ತದೆ. ಇಡೀ ಸಿಲಿಂಡರ್ ಬದಲಿಸಿ. ಪೆಡಲಿಗೆ ಚೂರು ಸಡಿಲ ಬಿಟ್ಟು, ದೂರದ ಚಕ್ರದಿಂದ ಶುರುಮಾಡಿ ಗಾಳಿ ತೆಗೆಯಿರಿ. ಕೊನೆಗೆ ಪೆಡಲ್ ಒತ್ತಿ ಹಿಡಿದು ನೋಡಿ. ಇಳಿದರೆ ಕೆಲಸ ಮುಗಿದಿಲ್ಲ ಅಂತಲೇ ಅರ್ಥ.

ಆ ದಿನ ಜೀಪಿನ ಕೀಲಿ ನಾನೇ ಇಟ್ಟುಕೊಂಡೆ. ಮಾವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಸಿಲಿಂಡರ್ ಬಂತು. ಬಿಚ್ಚಿದ್ದು ಅದೇ ಮಿಸ್ತ್ರಿ, ಕೆಲಸ ಮಾತ್ರ ಚೊಕ್ಕ! ಅವನಿಗೆ ಬಾರದ್ದೇನೂ ಇರಲಿಲ್ಲ. ಸರಿಯಾಗಿ ಮಾಡು ಅಂತ ಯಾರೂ ಕೇಳಿರಲಿಲ್ಲ, ಅಷ್ಟೇ.

ನಿಮ್ಮೂರಿನ ಗಾಡಿಯ ಪೆಡಲ್ ಒಮ್ಮೆ ಒತ್ತಿ ನೋಡಿದ್ದೀರಾ?