ಎರಡನೇ ಸುತ್ತು

ದೀಪಾವಳಿ ಕಳೆದ ಮೇಲೆ ಬರುವ ಭಾನುವಾರಕ್ಕೆ ನಮ್ಮ ಮನೆಯಲ್ಲಿ ‘ದೋಣಿ ಭಾನುವಾರ’ ಎಂದು ಹೆಸರು. ಯಾವ ಪಂಚಾಂಗದಲ್ಲೂ ಸಿಗದ ಈ ಹಬ್ಬವನ್ನು ಹುಟ್ಟುಹಾಕಿದವರು ನಮ್ಮಪ್ಪ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕುಲುಮೆಯ ಮುಂದೆ ನಿಂತು ದುಡಿದವರಿಗೆ ವರ್ಷದಲ್ಲಿ ಒಂದು ದಿನವಾದರೂ ನೀರಿನ ಮೇಲೆ ಕೂರಬೇಕೆಂಬ ಆಸೆ. ತಮಾಷೆಯೆಂದರೆ, ಹುಟ್ಟಿ ಬೆಳೆದದ್ದೆಲ್ಲ ಭದ್ರಾ ಹೊಳೆಯ ದಂಡೆಯಲ್ಲಾದರೂ ಅವರಿಗೆ ಈಜು ಬಾರದು. “ಬೆಂಕಿ ಜೊತೆ ಹೇಗಿರಬೇಕು ಅಂತ ಗೊತ್ತು, ನೀರಿನ ಜೊತೆ ಗೊತ್ತಿಲ್ಲ. ಅದಕ್ಕೇ ಗೊತ್ತಿರೋನು ಹೇಳಿದ ಹಾಗೆ ಕೇಳ್ತೀನಿ” ಎನ್ನುತ್ತಾರೆ.

ಶಿವಮೊಗ್ಗದಿಂದ ನಾವು ನಾಲ್ವರು ಹೊರಟು, ಭದ್ರಾವತಿಯಲ್ಲಿ ಅಣ್ಣನ ಮನೆಯವರನ್ನೂ ಅಪ್ಪನನ್ನೂ ಹತ್ತಿಸಿಕೊಂಡು ಬಿ.ಆರ್. ಪ್ರಾಜೆಕ್ಟ್ ದಾರಿ ಹಿಡಿಯುವುದು ರೂಢಿ. ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ, ಜೊತೆಗೆ ಹಬ್ಬದಲ್ಲಿ ಮಿಕ್ಕ ಹೋಳಿಗೆ. ದಸರಾ ರಜೆಯಲ್ಲಿ ಲಕ್ಕವಳ್ಳಿಯ ಜಲಾಶಯದ ಕಡೆ ಕಾಲಿಡಲು ಜಾಗವಿರುವುದಿಲ್ಲ. ದೀಪಾವಳಿ ಆಗುವಷ್ಟರಲ್ಲಿ ಮಕ್ಕಳ ಶಾಲೆ ಶುರುವಾಗಿ, ಬೆಂಗಳೂರಿನ ಕಾರುಗಳು ವಾಪಸು ಹೋಗಿ, ದಂಡೆ ಖಾಲಿ. ಆಗ ನಮ್ಮ ಸರದಿ.

ಅಮೆರಿಕದಲ್ಲಿರುವ ನನ್ನ ಗೆಳತಿಯೊಬ್ಬಳು ಇದನ್ನು ಕೇಳಿ ನಕ್ಕಳು. ಅವರ ಮಿಷಿಗನ್ ಕಡೆ ಎಲೆ ಕೆಂಪಾಗುವ ಹೊತ್ತಿಗೆ ದೋಣಿಯ ಕಾಲ ಮುಗಿಯಿತಂತೆ. ಸರೋವರ ಹೆಪ್ಪುಗಟ್ಟುವ ಮೊದಲು ಹಾಯಿ ಬಿಚ್ಚಿ, ದೋಣಿಯನ್ನು ಮೇಲೆಳೆದು, ಹೊದಿಕೆ ಹೊದಿಸಿ ಮಲಗಿಸುತ್ತಾರೆ. ಅಕ್ಟೋಬರಿನ ಕೊನೆಯ ಬಿಸಿಲಿನಲ್ಲಿ ಮನೆಮಂದಿಯೆಲ್ಲ ಒಂದು ದಿನ ಹೋಗಿಬಂದರೆ ಅಲ್ಲಿಗೆ ಆ ವರ್ಷದ ಲೆಕ್ಕ ಚುಕ್ತಾ. ನಮ್ಮಲ್ಲಿ ತಿರುವುಮುರುವು. ಮಳೆಗಾಲದ ಕೆಂಪು ನೀರು ಇಳಿದು ತಿಳಿಯಾಗುವುದೇ ಶರದೃತುವಿನಲ್ಲಿ, ಕೆರೆಕಟ್ಟೆಗಳು ತುಂಬಿ ನಿಲ್ಲುವುದೂ ಆಗಲೇ. ಸುಮ್ಮನೆಯೇ ಮಲೆನಾಡಿನವರು ದೀಪಾವಳಿಯನ್ನು ನೀರು ತುಂಬುವ ಹಬ್ಬದಿಂದ ಶುರುಮಾಡುತ್ತಾರೆಯೇ?

ಹಾಯಿಯ ಮಾತು ಬಂತಲ್ಲ. ಚಿತ್ರಪುಸ್ತಕದಲ್ಲಿ ಬಿಳಿಹಾಯಿಯ ದೋಣಿ ನೋಡಿದ್ದ ನನ್ನ ಮಗಳು, ನಮ್ಮ ದೋಣಿಗೆ ಎಂಜಿನ್ ಕಂಡು ಮುಖ ಸಣ್ಣದು ಮಾಡಿಕೊಂಡಳು. ಹಾಯಿ ಕರಾವಳಿಯವರ ವಿದ್ಯೆ. ಗಾಳಿಯನ್ನು ನಂಬಿ ಪತ್ತೆಮಾರಿಗಳನ್ನು ಅರಬ್ಬಿಯ ಆಚೆಗೂ ನಡೆಸಿದವರು ಅವರು. ಘಟ್ಟದ ಮೇಲಿನ ನಮಗೆ ತುಂಗೆ ಭದ್ರೆಯರನ್ನು ದಾಟಲು ಬಿದಿರು ಹೆಣೆದ ತೆಪ್ಪ, ಒಂದು ಹುಟ್ಟು, ಇಷ್ಟೇ ಸಾಕಾಗಿತ್ತು. ಹಿಂದೆ ತೆಪ್ಪಕ್ಕೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಟಾರು ಬಳಿದ ಚೀಲ, ಪ್ಲಾಸ್ಟಿಕ್ಕು ಬಂತು. ಹೊಳೆಗೆ ಆಚೆ ದಡ ಕಾಣುತ್ತದೆ, ತೆಪ್ಪದವನಿಗೆ ಅದರ ಸುಳಿಯೂ ಗೊತ್ತು. ಜಲಾಶಯ ಹಾಗಲ್ಲ. ಅದು ಮುಳುಗಿದ ಕಣಿವೆ.

ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ, ಸಾಮರ್ಥ್ಯ 71.5 ಟಿ.ಎಂ.ಸಿ. ಈ ಅಂಕಿ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಪತ್ರಿಕೆ ಬಂದೊಡನೆ ಅಪ್ಪ ಮೊದಲು ಹುಡುಕುವುದು ಮೂಲೆಯಲ್ಲಿ ಅಚ್ಚಾಗುವ ನೀರಿನ ಮಟ್ಟವನ್ನು. ದಾವಣಗೆರೆಯತನಕ ಬೇಸಿಗೆ ಭತ್ತದ ಹಣೆಬರಹ ಆ ಒಂದು ಸಾಲಿನಲ್ಲಿರುತ್ತದೆ. ಅಪ್ಪನಿಗೆ ಗದ್ದೆಯಿಲ್ಲ, ಆದರೂ ಓದುತ್ತಾರೆ. ಬೇಸಿಗೆಯಲ್ಲಿ ನಾಲೆಗಳಿಗೆ ನೀರು ಹರಿದು ಮಟ್ಟ ಇಳಿದಾಗ ನಡುನೀರಿನಲ್ಲಿ ದ್ವೀಪಗಳು ತಲೆಯೆತ್ತುತ್ತವೆ, ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಬರೀ ನೆಲದಲ್ಲೇ ಮೊಟ್ಟೆಯಿಡುತ್ತವೆ. ನಾವು ಹೋಗುವ ಕಾಲಕ್ಕೆ ಆ ದ್ವೀಪಗಳು ನೀರಿನಡಿಯಲ್ಲಿ ಅಡಗಿರುತ್ತವೆ. ಹಳೆಯ ಕಾಡಿನ ಒಣಗಿದ ಮರಗಳೂ ಅಷ್ಟೆ, ಕೆಲವು ಕೈಯೆತ್ತಿ ನಿಂತಂತೆ ಕಾಣುತ್ತವೆ, ಉಳಿದವು ಕಾಣುವುದಿಲ್ಲ. ಕಾಣದ ಬೊಡ್ಡೆಗಳು ಎಲ್ಲೆಲ್ಲಿವೆ ಎಂಬುದು ದೋಣಿ ನಡೆಸುವವನ ತಲೆಯೊಳಗೆ ಮಾತ್ರ.

ಈ ಸಲ ನಮ್ಮ ಜೊತೆ ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮೈದುನನೂ ಇದ್ದ. ಬುದ್ಧಿವಂತ ಹುಡುಗ, ಈಜಿನಲ್ಲಿ ಕಾಲೇಜಿನ ಪದಕಗಳೂ ಇವೆ. ದೋಣಿಯವ ಲೈಫ್ ಜಾಕೆಟ್ ಚಾಚಿದರೆ ಇವನು, “ನನಗೆ ಬೇಡ, ಮಕ್ಕಳಿಗೆ ಕೊಡಪ್ಪ” ಎಂದ. ದೋಣಿಯವ ಐವತ್ತರ ಆಸುಪಾಸಿನವ, ಅರ್ಧ ತಮಿಳು ಬೆರೆತ ಭದ್ರಾವತಿ ಕನ್ನಡ. ವಾದಕ್ಕೆ ನಿಲ್ಲಲಿಲ್ಲ. ಎಂಜಿನ್ ಮುಟ್ಟದೆ ಸುಮ್ಮನೆ ಕೂತ. ಎರಡು ನಿಮಿಷವಾಯಿತು. “ಯಾಕಪ್ಪಾ?” ಎಂದರೆ, “ಸಾರ್ ಹಾಕ್ಕಳ್ಳಿ, ಬಿಡ್ತೀನಿ” ಎಂದ. ಅಪ್ಪ ತಮ್ಮದನ್ನು ಆಗಲೇ ಹಾಕಿಕೊಂಡು, ಪಟ್ಟಿ ಬಿಗಿದು, ಮದುಮಗನಂತೆ ಕೂತಿದ್ದರು.

ಮಕ್ಕಳ ಜಾಕೆಟ್ಟನ್ನು ಅವನೇ ಬಂದು ನೋಡಿದ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದ. ನನ್ನ ಮಗಳದ್ದು ಗಲ್ಲ ದಾಟಿ ಮೂಗಿನವರೆಗೆ ಬಂತು. ದೊಡ್ಡವರ ಅಳತೆಯದನ್ನು ನಾನೇ ತೊಡಿಸಿದ್ದೆ. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ ಎಂದು ಹೇಳಿ ಸಣ್ಣದನ್ನು ತಂದು ಬಿಗಿದ. ಇಷ್ಟು ವರ್ಷ ನಾನು ಪಟ್ಟಿ ಹಾಕಿದ್ದೇನೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದೆ. ಅಮ್ಮನಾದವಳಿಗೆ ನಾಚಿಕೆಯಾಗಬೇಕಾದ ವಿಷಯ, ಆಯಿತು ಕೂಡ.

ಹನ್ನೊಂದು ಗಂಟೆಯ ಬಿಸಿಲು, ಸುತ್ತ ಹಸಿರು ಬೆಟ್ಟ, ಕನ್ನಡಿಯಂಥ ನೀರು. ಬೋಳು ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಅಪ್ಪ ಅಂಗೈಯನ್ನು ನೀರಿಗೆ ತಾಗಿಸಿ ಕೂತಿದ್ದರು, ಮಾತಿಲ್ಲ. ಈಚೆಗೆ ಅವರ ಮೊಣಕಾಲು ಕೈಕೊಟ್ಟಿದೆ. ದೋಣಿ ಹತ್ತಿಸಲು ಅಣ್ಣ ಒಂದು ಕಡೆ, ನಮ್ಮ ಯಜಮಾನರು ಒಂದು ಕಡೆ ಹಿಡಿಯಬೇಕಾಯಿತು. ಮುಂದಿನ ವರ್ಷದ ಮಾತನ್ನು ಯಾರೂ ತೆಗೆಯಲಿಲ್ಲ.

ಅಷ್ಟರಲ್ಲಿ ಅಣ್ಣನ ಮಗ “ನೀರುನಾಯಿ!” ಎಂದು ಕೂಗಿದ. ನಾಲ್ಕೈದು ತಲೆಗಳು ನೀರಿನ ಮೇಲೆ ಎದ್ದು ಮುಳುಗಿದವು. ಮಕ್ಕಳೆಲ್ಲ ಎಡಕ್ಕೆ, ಮೊಬೈಲ್ ಹಿಡಿದ ಮೈದುನನೂ ಎಡಕ್ಕೆ, ನಿಜ ಹೇಳಬೇಕೆಂದರೆ ನಾನೂ. ದೋಣಿ ವಾಲಿತು. “ಕೂತ್ಕಳಿ!” ಎಂದು ದೋಣಿಯವ ಗದರಿದ ದನಿಗೆ ನೀರುನಾಯಿಗಳೂ ಮಾಯವಾದವು. “ಅದು ನಾಳೆನೂ ಸಿಗತ್ತಮ್ಮ” ಎಂದ ಆಮೇಲೆ, ತಗ್ಗಿದ ದನಿಯಲ್ಲಿ.

ದಡಕ್ಕೆ ಬಂದಾಗ ಮಕ್ಕಳಿಗೆ ಇನ್ನೊಂದು ಸುತ್ತು ಬೇಕಿತ್ತು. ಮೈದುನ ದುಡ್ಡು ತೆಗೆದ. ದೋಣಿಯವ ಆಕಾಶ ನೋಡಿ ತಲೆಯಲ್ಲಾಡಿಸಿದ. ಬೆಟ್ಟದ ನೆತ್ತಿಯ ಮೇಲೆ ಒಂದು ಹಿಡಿ ಮೋಡ, ಅಷ್ಟೆ. “ಇದೇನಪ್ಪ, ಇಷ್ಟು ಬಿಸಿಲಿದೆ, ಡಬಲ್ ಕೊಡ್ತೀನಿ” ಎಂದ ಮೈದುನ. “ಸ್ವಾತಿ ಮಳೆ ಸಾರ್. ಹೇಳಿ ಬರಲ್ಲ, ಗುಡುಗು ಬೇರೆ. ನಡುನೀರಲ್ಲಿ ಗಾಳಿ ಎದ್ರೆ ನಾನೇನೂ ಮಾಡಕ್ಕಾಗಲ್ಲ” ಎಂದ ಅವನು. ಚರ್ಚೆ ಜೋರಾಯಿತು. ಗಿರಾಕಿ, ಸರ್ವೀಸು, ಹವಾಮಾನದ ಆ್ಯಪು ಎಲ್ಲ ಬಂತು. ಆ್ಯಪಿನಲ್ಲಿ ಸೂರ್ಯ ನಗುತ್ತಿದ್ದ.

ಕಲ್ಲಿನ ಮೇಲೆ ಕೂತಿದ್ದ ಅಪ್ಪ, “ಹಾಡೋನಹಳ್ಳಿ ನೆನಪಿದೆಯೇನೋ?” ಎಂದರು.

ಬೆಂಗಳೂರಿನವನಿಗೆ ನೆನಪಿರಲಿಲ್ಲ. ನಮಗೆ ಇತ್ತು. 2016ರ ಸೆಪ್ಟೆಂಬರಿನಲ್ಲಿ, ಶಿವಮೊಗ್ಗಕ್ಕೆ ಹತ್ತಿರದ ಆ ಊರಿನಲ್ಲಿ ಗಣಪತಿ ಬಿಡಲು ಹೊಳೆಗಿಳಿದ ತೆಪ್ಪ ಮಗುಚಿ 12 ಮಂದಿ ಹೋದರು. ತೆಪ್ಪದ ತಾಕತ್ತಿಗಿಂತ ಹೆಚ್ಚು ಜನ ಹತ್ತಿದ್ದರು, ಹಬ್ಬದ ಹುರುಪು. ಎಲ್ಲ ಆ ಹೊಳೆಯ ದಂಡೆಯಲ್ಲೇ ಬೆಳೆದವರು. ಆ ವಾರ ಅಪ್ಪ ಪತ್ರಿಕೆಯಲ್ಲಿ ನೀರಿನ ಮಟ್ಟ ಓದಿರಲಿಲ್ಲ.

“ಕುಲುಮೆ ಹತ್ರ ನಮ್ಮ ಮೇಸ್ತ್ರಿ ಬೇಡ ಅಂದ್ರೆ ಬೇಡ. ಯಾಕೆ ಅಂತ ಕೇಳಿದೋರು ಸಂಜೆ ಕೇಳ್ತಿದ್ರು, ಆಗಲ್ಲ” ಎಂದರು ಅಪ್ಪ. ಮೈದುನ ದುಡ್ಡು ಒಳಗಿಟ್ಟ. ಮುಖ ಮಾತ್ರ ಬಿಗಿದೇ ಇತ್ತು.

ಬುತ್ತಿ ಬಿಚ್ಚಿ ಚಿತ್ರಾನ್ನ ಮುಗಿಸಿ ಮೊಸರನ್ನಕ್ಕೆ ಕೈಹಾಕಿದ್ದೆವು. ಮೊದಲು ಬಂದದ್ದು ತಣ್ಣನೆಯ ಗಾಳಿ, ನೀರಿನ ಮೇಲೆ ಕಪ್ಪು ಗೆರೆಯಂತೆ ಓಡಿಬಂತು. ಆಮೇಲೆ ಗುಡುಗು. ತಟ್ಟೆ ಎತ್ತಿಕೊಂಡು ವ್ಯಾನಿಗೆ ಓಡುವಷ್ಟರಲ್ಲಿ ಎದುರು ಬೆಟ್ಟವೇ ಕಾಣದಂತೆ ಸುರಿಯಿತು. ಕನ್ನಡಿಯಂತಿದ್ದ ನೀರಿನಲ್ಲಿ ಕಟ್ಟಿಹಾಕಿದ ದೋಣಿ ಹಗ್ಗ ಜಗ್ಗಿ ಜಗ್ಗಿ ಕುಣಿಯುತ್ತಿತ್ತು. ವ್ಯಾನಿನೊಳಗೆ ಒಂಬತ್ತು ಜನ, ಒದ್ದೆ ಬಟ್ಟೆ, ಉಪ್ಪಿನಕಾಯಿಯ ವಾಸನೆ. ಮೈದುನ ಕಿಟಕಿಯ ಗಾಜು ಒರೆಸಿ ಒರೆಸಿ ಹೊರಗೆ ನೋಡುತ್ತಿದ್ದ. ನನ್ನ ಮಗಳು, “ಚಿಕ್ಕಪ್ಪಾ, ನಾವೀಗ ಅಲ್ಲಿರ್ತಿದ್ವಾ?” ಎಂದು ಕೇಳಿದಳು. ಅವನು ಅವಳನ್ನು ತೊಡೆಯ ಮೇಲೆ ಎಳೆದುಕೊಂಡ.

ಮಳೆ ಮುಕ್ಕಾಲು ಗಂಟೆ ಹೊಡೆದು ನಿಂತಿತು. ಮೈದುನ ತಾನೇ ನಾಲ್ಕು ಹೋಳಿಗೆ ಪೊಟ್ಟಣ ಕಟ್ಟಿಕೊಂಡು ದೋಣಿಯವನಿದ್ದ ಕಡೆ ಹೋದ. ಏನು ಮಾತಾಡಿದರೋ ತಿಳಿಯದು. ಬಂದವನು ಅಪ್ಪನಿಗೆ ಹೇಳಿದ್ದಿಷ್ಟೆ: “ಮಾವ, ಮಟ್ಟ ಕೇಳಿಕೊಂಡು ಬಂದೆ. ನೂರ ಎಂಬತ್ತೈದು ಅಡಿ ಚಿಲ್ಲರೆಯಂತೆ.”

“ಈ ಮಳೆಗೆ ಇನ್ನೊಂದೆರಡು ಇಂಚು ಬರಬಹುದು” ಎಂದರು ಅಪ್ಪ, ನಾಳೆಯ ಪತ್ರಿಕೆಗೆ ಈಗಲೇ ಕಾಯುತ್ತಾ.