ಸಂಕ್ರಾಂತಿ, ನಂದಿ, ವೈಭವ: ಕೈತಪ್ಪುತ್ತಿರುವ ಟೊಮೆಟೊ ಬೀಜಗಳು

ಟೊಮೆಟೊ ಬೆಳೆಗಾರರನ್ನು ಕಾಡುವ ಶತ್ರುಗಳಲ್ಲಿ ಬಿಳಿನೊಣಕ್ಕೆ ಅಗ್ರಸ್ಥಾನ. ಎಲೆಯಡಿ ಕುಳಿತು ರಸ ಹೀರುವ ಈ ಪುಟ್ಟ ಕೀಟವು ಎಲೆಮುರುಟು ರೋಗದ ನಂಜಾಣುವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಎಳೆಯ ಸಸಿಗೆ ರೋಗ ತಗುಲಿದರೆ ಎಲೆ ಮುದುಡಿ, ಗಿಡ ಕುಬ್ಜವಾಗಿ, ಫಸಲು ಇಲ್ಲವೆನ್ನುವಷ್ಟು ಕುಸಿಯುತ್ತದೆ. ಬೇಸಿಗೆಯಲ್ಲಿ ಹಾವಳಿ ಹೆಚ್ಚು. ರೋಗಕ್ಕೆ ಮದ್ದಿಲ್ಲ, ನೊಣಕ್ಕೆ ಮೇಲಿಂದ ಮೇಲೆ ವಿಷ ಸಿಂಪಡಿಸುವುದೇ ರೂಢಿಯಾಗಿದೆ.

ಇದಕ್ಕೆ ಉತ್ತರವಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿ. ಮುನಿಯಪ್ಪ ಮತ್ತು ಸಂಗಡಿಗರು ತೈವಾನಿನ ಏಷ್ಯನ್ ತರಕಾರಿ ಸಂಶೋಧನಾ ಕೇಂದ್ರದ ಜೊತೆಗೂಡಿ ರೋಗ ತಾಳುವ ಮೂರು ತಳಿಗಳನ್ನು ರೂಪಿಸಿದರು. ಈ ಕುರಿತ ಪ್ರಬಂಧ 2002ರಲ್ಲಿ ಪ್ರಕಟವಾಯಿತು. ಆ ತಳಿಗಳೇ ಸಂಕ್ರಾಂತಿ, ನಂದಿ ಮತ್ತು ವೈಭವ. ಇವುಗಳ ತಾಳಿಕೆಯ ಮೂಲ ದಕ್ಷಿಣ ಅಮೆರಿಕದ ಒಂದು ರೋಮಭರಿತ ಕಾಡು ಟೊಮೆಟೊ. ಹಣ್ಣಾದರೂ ಹಸಿರಾಗಿಯೇ ಉಳಿಯುವ, ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದ ಕಾಯಿ ಅದರದು. ಕಾಡು ಅಳಿದರೆ ಏನು ಹೋದೀತೆಂದು ಕೇಳುವವರಿಗೆ ಈ ಸಸ್ಯವನ್ನು ತೋರಿಸಬಹುದು.

ವಿಶ್ವವಿದ್ಯಾಲಯದ ತಳಿ ಜವಾರಿಯಲ್ಲ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಇವು ಹೈಬ್ರಿಡ್ ಅಲ್ಲ. ಟೊಮೆಟೊ ಬಹುಪಾಲು ತನ್ನ ಹೂವಿನ ಪರಾಗದಿಂದಲೇ ಕಾಯಿ ಕಚ್ಚುವ ಗಿಡವಾದ್ದರಿಂದ ಇವುಗಳ ಬೀಜವನ್ನು ರೈತರೇ ಉಳಿಸಿಕೊಂಡು ಮರುವರ್ಷ ಬಿತ್ತಬಹುದು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಬೀಜದಂಗಡಿಗಳಿಗೆ ಇದರಿಂದ ಲಾಭವಿಲ್ಲ. ಅಲ್ಲಿ ಸಿಗುವುದು ಪ್ರತಿ ಸಲ ಹೊಸದಾಗಿ ಕೊಳ್ಳಬೇಕಾದ ಹೈಬ್ರಿಡ್ ಪೊಟ್ಟಣ.

ನವಲಗುಂದ ತಾಲ್ಲೂಕಿನ ತಿರ್ಲಾಪುರದಂತಹ ಎರೆಭೂಮಿಯ ಊರುಗಳಿಗೆ ಈ ಮಾತು ಇನ್ನೂ ಹತ್ತಿರದ್ದು. ಹತ್ತಿಯ ಗಿಡವೂ ಬಿಳಿನೊಣದ ಆಶ್ರಯವೇ. ಹತ್ತಿ ಹೊಲದ ಪಕ್ಕದ ಟೊಮೆಟೊ ಮಡಿಗೆ ನೊಣ ಹಾರಿಬರಲು ತಡವಾಗದು. ಅಲ್ಲಿ ರೋಗ ತಾಳುವ ಬೀಜವೆಂದರೆ ವಿಷದ ಖರ್ಚು ತಗ್ಗಿಸುವ ಬೀಜ. ಕೃಷಿ ವಿಶ್ವವಿದ್ಯಾಲಯಗಳು ಈ ಮೂರರ ಮೂಲ ಬೀಜವನ್ನು ಹೆಚ್ಚಿಸಿ ಹಳ್ಳಿಗಳಿಗೆ ತಲುಪಿಸಬೇಕು. ಕೃಷಿ ವಿದ್ಯಾರ್ಥಿಗಳು ಅದನ್ನು ಕೇಳಿ ಪಡೆಯಬೇಕು.

ಒಂದು ಹಿಡಿ ಸಿಕ್ಕರೂ ಸಾಕು. ರೋಗವಿಲ್ಲದ ಗಿಡಗಳ ಪೂರ್ತಿ ಮಾಗಿದ ಹಣ್ಣನ್ನು ಕಿವುಚಿ, ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತಳದಲ್ಲಿ ನಿಂತ ಬೀಜವನ್ನು ತೊಳೆದು ನೆರಳಿನಲ್ಲಿ ಒಣಗಿಸಿದರೆ ಮುಂದಿನ ಮಡಿಗೆ ಸಿದ್ಧ.