ತಪ್ಪು ಮಾಡಲೂ ಒಂದು ಜಾಗ ಬೇಕು

ಸನ್ನಿ ರಾಲಿನ್ಸ್ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ. ಮೂವತ್ತು ತುಂಬುವ ಮೊದಲೇ ದೊಡ್ಡ ಹೆಸರು ಗಳಿಸಿದವರು. ಆದರೆ ಜನರ ಹೊಗಳಿಕೆಗೆ ತಕ್ಕಂತೆ ತಾನು ನುಡಿಸುತ್ತಿಲ್ಲ ಎಂದು ಅವರಿಗೇ ಅನ್ನಿಸಿತು. 1959ರಲ್ಲಿ ಕಾರ್ಯಕ್ರಮಗಳನ್ನು ನಿಲ್ಲಿಸಿಬಿಟ್ಟರು. ಮನೆಯಲ್ಲಿ ಅಭ್ಯಾಸ ಮಾಡಿದರೆ ನೆರೆಯವರಿಗೆ ತೊಂದರೆ. ಹಾಗಾಗಿ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ, ರೈಲು ಮತ್ತು ವಾಹನಗಳ ಸದ್ದಿನ ನಡುವೆ ಗಂಟೆಗಟ್ಟಲೆ ನುಡಿಸಿದರು. ಚಳಿಗಾಲದಲ್ಲೂ ಬಿಡಲಿಲ್ಲ. 1961ರಲ್ಲಿ ವೇದಿಕೆಗೆ ಮರಳಿದರು. ಮರುವರ್ಷ ಬಂದ ಅವರ ಆಲ್ಬಮ್‌ನ ಹೆಸರೇ ‘ದಿ ಬ್ರಿಡ್ಜ್’.

ಜಾಝ್‌ನಲ್ಲಿ ಬಾಯಿಪಾಠ ಸಾಲದು. ವೇದಿಕೆಯ ಮೇಲೆ ಆ ಕ್ಷಣಕ್ಕೆ ಹೊಸದಾಗಿ ಕಟ್ಟಿ ನುಡಿಸಬೇಕು. ಅದಕ್ಕೆ ಮೊದಲು ಎಲ್ಲೋ ಒಂದು ಕಡೆ ನೂರು ಸಲ ತಪ್ಪಿರಬೇಕು.

ನಾವೇನು ಮಾಡುತ್ತೇವೆ? ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಬಿಡಿಸಿ ಅದನ್ನು ಅಭ್ಯಾಸ ಎನ್ನುತ್ತೇವೆ. ಬಾರದ ಅಧ್ಯಾಯದ ಪುಟ ತಿರುಗಿಸಿಬಿಡುತ್ತೇವೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ, ನಗುವವರ ಭಯವೂ ಇದೆ. ಕಳೆದ ತಿಂಗಳು ಸೆಮಿನಾರಿನಲ್ಲಿ ಇಂಗ್ಲಿಷ್ ವಾಕ್ಯ ತಪ್ಪಿದ ಗೆಳತಿಯೊಬ್ಬಳು ಆಮೇಲೆ ಕೈ ಎತ್ತಿಯೇ ಇಲ್ಲ. ಅಂದು ನಕ್ಕವರಲ್ಲಿ ನಾನೂ ಒಬ್ಬಳು.

ಪ್ರಾಂಶುಪಾಲರಲ್ಲಿ ಒಂದು ವಿನಂತಿ. ವಾರಕ್ಕೆ ಎರಡು ದಿನ ಕೊನೆಯ ಪಿರಿಯಡ್ ಮುಗಿದ ಮೇಲೆ ಒಂದು ಕೊಠಡಿಯನ್ನು ನಮಗೆ ಬಿಟ್ಟುಕೊಡಿ. ಇಂಗ್ಲಿಷ್ ಮಾತನಾಡಲು, ಬಾರದ ಲೆಕ್ಕ ಬೋರ್ಡಿನ ಮೇಲೆ ಮಾಡಲು. ಅಲ್ಲಿ ಅಂಕ ಬೇಡ, ಬಹುಮಾನ ಬೇಡ, ಯಾರೂ ಯಾರನ್ನೂ ನೋಡಿ ನಗುವುದು ಬೇಡ.

ಗೆಳೆಯರೇ, ಮೊದಲ ದಿನ ನಾನು ಬರುತ್ತೇನೆ, ಎರಡು ತಿಂಗಳಿಂದ ಬಿಟ್ಟಿಟ್ಟ ಇಂಟಿಗ್ರೇಷನ್ ಲೆಕ್ಕ ಹಿಡಿದುಕೊಂಡು. ಆ ಗೆಳತಿಯನ್ನೂ ಕರೆದಿದ್ದೇನೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ